ಕೊನೆಗೆ ಉಣ್ಣುವವಳು

ನಯನ ಹಠಮಾರಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಬಂಡೂರಿನಲ್ಲಿ ಅವಳು ಆಶಾ ಕಾರ್ಯಕರ್ತೆಯಾಗಿ ಏಳು ವರ್ಷವಾಗಿತ್ತು. ಅವಳು ಬೆನ್ನು ಹತ್ತಿದ ಮೇಲೆ ಲಸಿಕೆ ಹಾಕಿಸದೆ ಉಳಿದ ಮಗುವಿಲ್ಲ, ತಪಾಸಣೆ ತಪ್ಪಿಸಿಕೊಂಡ ಬಸುರಿಯಿಲ್ಲ. ಬೀದಿಯ ತುದಿಯಲ್ಲಿ ಆ ಗುಲಾಬಿ ಸೀರೆ ಕಂಡರೆ ಸಾಕು, ಜಗಲಿ ಮೇಲೆ ಕೂತ ಗಂಡಸರು "ಬಂದ್ಲು ಕಣ್ಲಾ, ಬಾಗ್ಲಾಕು" ಅನ್ನುತ್ತಿದ್ದರು. ಬಾಗಿಲು ಹಾಕಿಕೊಂಡರೆ ಇವಳು ಹಿತ್ತಿಲಿಂದ ಬರುತ್ತಿದ್ದಳು.

ಅಂಥವಳ ಮನೆಯಲ್ಲೇ ಅವಳ ಅತ್ತೆ ಚಿಕ್ಕಬೋರಮ್ಮ ಬಿಳಿಚಿಕೊಂಡಳು. ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದ ಹಾಗೆ.

ಚಿಕ್ಕಬೋರಮ್ಮ ಮದುವೆಯಾದ ಮೇಲೆ ಸಿಕ್ಕ ಅತ್ತೆಯಲ್ಲ, ಹುಟ್ಟಿದಾಗಿನಿಂದಲೂ ಅತ್ತೆ. ಮದ್ದೂರು ಕಡೆಯ ಹಳ್ಳಿಯಲ್ಲಿದ್ದ ನಯನಳ ಅಪ್ಪನ ಒಡಹುಟ್ಟಿದ ಅಕ್ಕ. ತಮ್ಮನ ಮಗಳೇ ಬೇಕೆಂದು ತನ್ನ ಮಗ ಸ್ವಾಮಿಗೆ ತಂದುಕೊಂಡವಳು. ಹಾಗಾಗಿ ಅವರಿಬ್ಬರ ನಡುವೆ 'ನೀವು' ಅನ್ನುವ ಮಾತೇ ಇರಲಿಲ್ಲ. ಜಗಳವೂ ನೇರ, ಅಕ್ಕರೆಯೂ ನೇರ. ಗಂಡ ಹೊನ್ನಯ್ಯ ಸತ್ತು ನಾಲ್ಕು ವರ್ಷವಾದರೂ ಆಕೆ ಹದಿನಾಲ್ಕು ಬಂಡೂರು ಕುರಿ, ಎರಡು ಹಸು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಐವತ್ತೆಂಟರ ವಯಸ್ಸಿನಲ್ಲೂ ಹಾಯಲು ಬಂದ ಟಗರಿನ ಕೊಂಬು ಹಿಡಿದು ಮಲಗಿಸಿಬಿಡುವ ಹೆಂಗಸು.

ಯುಗಾದಿ ಕಳೆದ ಮೇಲೆ ಆ ಹೆಂಗಸು ಕೊಟ್ಟಿಗೆಯಿಂದ ಮನೆಯೊಳಕ್ಕೆ ಬರುವಷ್ಟರಲ್ಲಿ ಏದುಸಿರು ಬಿಡತೊಡಗಿದಳು. ನಯನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ಬಿಳಿ ಕಾಗದ. ಬೆರಳು ಚುಚ್ಚಿಸಿ ನೋಡಿದರೆ ರಕ್ತ ಏಳೂವರೆ.

"ಹನ್ನೆರಡು ಇರ್ಬೇಕು ಕಣತ್ತೆ!"

"ಇರೋದ್ರಲ್ಲೇ ನಡೀತದೆ ಬುಡು," ಎಂದಳು ಚಿಕ್ಕಬೋರಮ್ಮ.

ನಡೆಯುತ್ತದೆ ಅಂದರೆ ಕೇಳುವ ಸೊಸೆಯೇ? ತನ್ನ ಚೀಲದಲ್ಲಿದ್ದ ಕೆಂಪು ಮಾತ್ರೆಯನ್ನು ದಿನಕ್ಕೆರಡರಂತೆ ಎದುರಿಗೆ ನಿಂತು ನುಂಗಿಸಿದಳು. ಬಿಳಿಚಿದ್ದರೆ ಕಬ್ಬಿಣದ ಮಾತ್ರೆ, ಊರೆಲ್ಲ ಬಲ್ಲ ಮದ್ದು. ಅಕ್ಕಪಕ್ಕದವರೂ ಸುಮ್ಮನಿರಲಿಲ್ಲ. ಒಬ್ಬಳು ಬೀಟ್‌ರೂಟು ತಂದಳು, ಇನ್ನೊಬ್ಬಳು ಕುರಿಯ ಲಿವರ್ ಹುರಿದುಕೊಡು ಅಂದಳು, ಮೂರನೆಯವಳು ಕಾಲು ಸೂಪು ಅಂದಳು. ನಯನ ಮೂರನ್ನೂ ಮಾಡಿ ಅಡುಗೆಮನೆಯಲ್ಲಿಟ್ಟಳು. ತಟ್ಟೆ ಬಟ್ಟಲೆಲ್ಲ ಖಾಲಿಯಾಗಿ ತೊಳೆದು ಕವುಚಿರುತ್ತಿದ್ದವು. ಎರಡು ತಿಂಗಳಿಗೆ ರಕ್ತ ಒಂಬತ್ತೂವರೆಗೆ ಏರಿತು. ನಯನಳ ಜಂಬ ನೋಡಬೇಕಿತ್ತು! ಉಪಕೇಂದ್ರದ ನರ್ಸ್ ಮಂಜುಶ್ರೀಗೆ ಚೀಟಿ ತೋರಿಸಿದ್ದೇ ತೋರಿಸಿದ್ದು.

ರಕ್ತ ಏರಿತು, ಕಾಲು ಮಾತ್ರ ಸೋತಿತು. ಮೊದಲು ಪಾದದಲ್ಲಿ ಇರುವೆ ಹರಿದ ಹಾಗೆ ಜುಮುಜುಮು ಅಂದಳು. ಆಮೇಲೆ ಹತ್ತಿಯ ಮೇಲೆ ನಡೆದ ಹಾಗಿದೆ ಅಂದಳು. ಒಂದು ಸಂಜೆ ಕುರಿ ಹೊಡೆದುಕೊಂಡು ಬಂದವಳ ಎಡಗಾಲಿನಲ್ಲಿ ಚಪ್ಪಲಿಯೇ ಇರಲಿಲ್ಲ. ಎಲ್ಲಿ ಕಳಚಿತೋ ಆಕೆಗೆ ಗೊತ್ತೇ ಇಲ್ಲ. ಅದಾದ ವಾರಕ್ಕೆ ಹಗಲು ಹೊತ್ತಿನಲ್ಲೇ, ಸಮತಟ್ಟು ಅಂಗಳದಲ್ಲಿ, ದಿಂಡುರುಳಿದ ಹಾಗೆ ಉರುಳಿದಳು. ನಯನ ಓಡಿಹೋಗಿ ಎಬ್ಬಿಸಿದಳು. ಮಾರನೆಯ ದಿನವೇ ಅತ್ತೆಯನ್ನು ಆಟೋ ಹತ್ತಿಸಿ ಮಳವಳ್ಳಿಗೆ ಕರೆದೊಯ್ದಳು.

ಮಳವಳ್ಳಿಯಲ್ಲಿ ನೋಡಿದವರು ಡಾಕ್ಟರ್ ಮೋಹಿನಿ. ಆ ತಾಲ್ಲೂಕಿನಲ್ಲೇ ಹುಟ್ಟಿ ಬೆಳೆದವರು, ರೋಗಿಯ ಮಾತನ್ನು ಪೂರ್ತಿ ಕೇಳುವವರು. ಚಿಕ್ಕಬೋರಮ್ಮನ ನಾಲಿಗೆ ನೋಡಿದರು. ಕೆಂಪಗೆ, ನುಣ್ಣಗೆ, ಸುಟ್ಟ ಹಾಗಿತ್ತು. ಕೈ ನೋಡಿದರು, ಬೆರಳ ಗೆಣ್ಣುಗಳೆಲ್ಲ ಕಪ್ಪು.

"ಒಲೆ ಮಸಿ ಕಣವ್ವ," ಎಂದಳು ಚಿಕ್ಕಬೋರಮ್ಮ.

"ಮಸಿ ಅಲ್ಲಮ್ಮ ಇದು." ಡಾಕ್ಟರು ಆಕೆಯ ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿದರು. ಕಣ್ಣು ಮುಚ್ಚಿದ್ದೇ ತಡ, ಆಕೆ ಪಕ್ಕಕ್ಕೆ ವಾಲಿದಳು. ನಯನ ಹಿಡಿದುಕೊಳ್ಳದಿದ್ದರೆ ನೆಲಕ್ಕೆ ಬೀಳುತ್ತಿದ್ದಳು.

ರಕ್ತ ಪರೀಕ್ಷೆಗೆ ಹೋಯಿತು. ಅದರಲ್ಲಿ ಒಂದು ಭಾಗ ಮಂಡ್ಯಕ್ಕೆ ಹೋಗಿ ಮೂರು ದಿನ ಬಿಟ್ಟು ಬಂತು. ಮತ್ತೆ ಅತ್ತೆ ಸೊಸೆ ಇಬ್ಬರೂ ಡಾಕ್ಟರ ಎದುರು ಕೂತರು.

"ನಯನ, ರಕ್ತಹೀನತೆ ಅನ್ನೋದು ಒಂದು ಕಾಯಿಲೆ ಹೆಸರಲ್ಲ. ಮನೇಲಿ ಹೊಗೆ ಕಂಡ ಹಾಗೆ ಅದು. ಎಲ್ಲಿ ಹತ್ಕೊಂಡಿದೆ ಅಂತ ನಾವು ಹುಡುಕಬೇಕು. ಕಬ್ಬಿಣ ಸಾಲದೆ ಬರುತ್ತೆ. ಮುಟ್ಟಲ್ಲೋ, ಮೂಲವ್ಯಾಧಿಯಲ್ಲೋ, ಹೊಟ್ಟೆ ಹುಣ್ಣಲ್ಲೋ ರಕ್ತ ಸೋರಿ ಬರುತ್ತೆ. ಬರಿಗಾಲಲ್ಲಿ ಓಡಾಡೋರಿಗೆ ಕೊಕ್ಕೆಹುಳ ಸೇರ್ಕೊಂಡು ಬರುತ್ತೆ. ಕಿಡ್ನಿ ಸೋತ್ರೂ ಬರುತ್ತೆ. ಥಲಸ್ಸೇಮಿಯ ಥರ ಹುಟ್ಟಿನಿಂದಲೇ ಬರೋದೂ ಇದೆ, ಅವರಿಗೆ ಬೇಡದೆ ಕಬ್ಬಿಣ ತುಂಬಿಸಿದ್ರೆ ಕೆಡುಕೇ. ನಿಮ್ಮತ್ತೆಗೆ ಇವು ಯಾವುದೂ ಇಲ್ಲ."

"ಮತ್ತೆ ಇನ್ನೇನು ಮೇಡಂ?"

"ಕಬ್ಬಿಣ ಕಮ್ಮಿ ಆದ್ರೆ ರಕ್ತದ ಕಣ ಸಣ್ಣ ಆಗ್ತವೆ. ಇವರದ್ದು ದೊಡ್ಡದಾಗಿವೆ. ಮುದ್ದೆ ತಿರುವುವಾಗ ದಪ್ಪ ಗಂಟಾಗಿ ಒಳಗೆ ಹಿಟ್ಟು ಬೇಯದೆ ಉಳಿಯುತ್ತಲ್ಲ, ಹಂಗೆ. ಬಿ ಹನ್ನೆರಡು ಅನ್ನೋ ವಿಟಮಿನ್ ಇವರ ಮೈಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಅದಿಲ್ಲದಿದ್ರೆ ರಕ್ತವೂ ಬಲಿಯಲ್ಲ, ನರವೂ ಉಳಿಯಲ್ಲ."

"ರಕ್ತ ಏರಿತ್ತಲ್ಲ ಮೇಡಂ? ನಾನೇ ಮಾತ್ರೆ ಕೊಟ್ಟು..."

ಡಾಕ್ಟರ್ ಮೋಹಿನಿ ಹೇಳಿದರು. "ಆ ಮಾತ್ರೆಯಲ್ಲಿ ಕಬ್ಬಿಣದ ಜೊತೆಗೆ ಫೋಲಿಕ್ ಆಸಿಡ್ ಇದೆ. ಅದು ರಕ್ತವನ್ನ ಅರ್ಧಂಬರ್ಧ ಸರಿ ಮಾಡಿ ತೋರಿಸ್ತು. ನರ ಮಾತ್ರ ಒಳಗೊಳಗೇ ಕೆಡ್ತಾ ಹೋಯ್ತು. ಬಸುರಿಯರಿಗೆ ಕೊಡೋದನ್ನ ನಿಲ್ಲಿಸಬೇಡ, ಅದು ಬೇಕಾದೋರಿಗೆ ಬೇಕೇ ಬೇಕು. ಇವರಿಗೆ ಬೇಕಿದ್ದದ್ದು ಬೇರೆ."

ನಯನ ತೊಡೆಯ ಮೇಲಿದ್ದ ಚೀಲವನ್ನು ಕೆಳಗಿಟ್ಟಳು. ಎದುರಿಗೆ ನಿಂತು, ಬಾಯಿ ತೆರೆಸಿ, ನುಂಗಿದ್ದನ್ನು ಖಾತ್ರಿ ಮಾಡಿಕೊಂಡು ಕೊಟ್ಟ ಮಾತ್ರೆ. ತರಬೇತಿಯಲ್ಲಿ ಇದನ್ನೆಲ್ಲ ಕೇಳಿದ್ದಳು, ಬರೆದುಕೊಂಡಿದ್ದಳು ಕೂಡ. ಆದರೂ ಬಿಳಿಚಿದ ಮುಖ ಕಂಡೊಡನೆ ಕೈ ಹೋಗಿದ್ದು ಆ ಒಂದೇ ಡಬ್ಬಿಗೆ.

"ಈ ವಿಟಮಿನ್ ಬರೋದು ಬಾಡು, ಲಿವರ್, ಮೀನು, ಮೊಟ್ಟೆ, ಹಾಲಿಂದ. ಅಮ್ಮ ಬಾಡು ತಿಂತಾರಾ?"

"ಬಂಡೂರು ಕುರಿ ಸಾಕೋ ಮನೆ ಮೇಡಂ ನಮ್ದು! ವಾರ ವಾರ ಬಾಡೇ," ಎಂದಳು ನಯನ. ಚಿಕ್ಕಬೋರಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು.

"ಹಂಗಾದ್ರೆ ತಿಂದದ್ದು ಹೊಟ್ಟೆಯಲ್ಲಿ ಹೀರ್ಕೊಳ್ತಿಲ್ಲ ಅಂತಾಯ್ತು. ಮಂಡ್ಯದಲ್ಲಿ ಹೊಟ್ಟೆಗೆ ಟ್ಯೂಬ್ ಬಿಟ್ಟು ನೋಡಬೇಕಾಗುತ್ತೆ. ಅದು ಆಮೇಲೆ. ಇಂಜೆಕ್ಷನ್ ಮಾತ್ರ ಇವತ್ತೇ ಶುರು ಮಾಡೋಣ. ಬೇಗ ಮಾಡಿದ್ರೆ ಕಾಲು ವಾಪಸ್ ಬರಬಹುದು. ತಡ ಮಾಡಿದಷ್ಟೂ ಕಷ್ಟ. ನರ ಪೂರ್ತಿ ಹೋದ ಮೇಲೆ ಏನು ಚುಚ್ಚಿದ್ರೂ ಹಾಸಿಗೆಯೇ."

ಚಿಕ್ಕಬೋರಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ನಂಗೆ ಸೂಜಿ ಬ್ಯಾಡ. ನಡೀ ಅಮ್ಮಿ, ಕುರಿ ಅರಚ್ಕೋತವೆ."

ಅಷ್ಟೇ. ಡಾಕ್ಟರು ಹೇಳಿದರು, ನಯನ ಗದರಿದಳು, ಗೋಗರೆದಳು. ಆಕೆ ಗೋಡೆ ಹಿಡಿದುಕೊಂಡು ಹೊರಟೇಬಿಟ್ಟಳು. ಮನೆಗೆ ಬಂದ ಮೇಲೆ ಸ್ವಾಮಿಯೂ ಹೇಳಿ ನೋಡಿದ. "ಅವ್ವ, ಇರುವೆ ಕಚ್ದಂಗಾಯ್ತದೆ ಅಷ್ಟೇಯ."

"ನಿನ್ ಕೆಲ್ಸ ನೋಡ್ಕೋ ಓಗ್ಲಾ," ಎಂದಳು ತಾಯಿ. ಅವನು ಹೋದ.

ಹತ್ತು ದಿನ ಹೀಗೇ ಕಳೆಯಿತು. ಆ ಹತ್ತು ದಿನದಲ್ಲಿ ಚಿಕ್ಕಬೋರಮ್ಮ ಇನ್ನೆರಡು ಸಲ ಬಿದ್ದಳು. ಕುರಿ ಹೊಡೆದುಕೊಂಡು ಹೋಗುವುದು ನಿಂತಿತು. ಊರವರು ಸೂಜಿಗೆ ಹೆದರಿದ್ದಾಳೆ ಅಂದರು. ನಯನಳಿಗೆ ಆ ಮಾತು ಹೊಂದಲಿಲ್ಲ. ಟಗರಿಗೆ ಹೆದರದವಳು, ಹಾವು ಕಂಡರೆ ಕೋಲು ಹುಡುಕುವವಳು, ಬೆರಳುದ್ದದ ಸೂಜಿಗೆ ಹೆದರುತ್ತಾಳೆಯೇ? ಡಾಕ್ಟರು ಏನು ಹೇಳಿದಾಗ ಅತ್ತೆ ಎದ್ದು ನಿಂತಳು ಅಂತ ಅವಳು ಮತ್ತೆ ಮತ್ತೆ ನೆನಪಿಸಿಕೊಂಡಳು. ಬಾಡು, ಲಿವರ್, ಮೊಟ್ಟೆ ಅಂದ ಮೇಲೆ. ಅಲ್ಲೇ ಏನೋ ಇದೆ. ತಿಳಿಯದೆ ಬಿಡುವವಳಲ್ಲ ಅವಳು.

ಆಗ ಅವಳಿಗೆ ಇನ್ನೊಂದು ಹೊಳೆಯಿತು, ಹೊಳೆದು ನಾಚಿಕೆಯಾಯಿತು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅತ್ತೆ ಉಣ್ಣುವುದನ್ನು ಅವಳು ನೋಡಿಯೇ ಇರಲಿಲ್ಲ. ಗಂಡಸರಿಗೆ, ಮಕ್ಕಳಿಗೆ, ನೆಂಟರಿಗೆ, ಸೊಸೆಗೆ ಬಡಿಸಿ, ಎಲ್ಲರೂ ಎದ್ದ ಮೇಲೆ, ಒಲೆಯ ಪಕ್ಕದಲ್ಲಿ ಬಾಗಿಲಿಗೆ ಬೆನ್ನು ಮಾಡಿಕೊಂಡು ಆಕೆ ಉಣ್ಣುವುದು. ತಾನು ದಿನಾ ಊರಿನ ಮನೆಮನೆಗೆ ಹೋಗಿ ನೀವೇನು ತಿಂದಿರಿ, ನಿಮ್ಮ ಸೊಸೆ ಏನು ತಿಂದಳು ಅಂತ ಕೇಳಿ ಬರೆದುಕೊಳ್ಳುತ್ತಿದ್ದಳು. ಮನೆಯಲ್ಲಿ ಅತ್ತೆಯನ್ನು ಕೇಳಿದರೆ "ಉಂಡೆ ಕಣಮ್ಮಿ" ಅನ್ನುವ ಉತ್ತರ ಬರುತ್ತಿತ್ತು, ಅದನ್ನೇ ನಂಬಿದ್ದಳು.

ಪಿತೃಪಕ್ಷದಲ್ಲಿ ಹೊನ್ನಯ್ಯನಿಗೆ ಎಡೆ ಇಡುವ ದಿನ ಬಂತು. ಹಿರಿಯರ ಹಬ್ಬವೆಂದರೆ ಈ ಕಡೆ ಬಾಡಿನದ್ದೇ ಅಡುಗೆ. ಒಂದು ಟಗರು ಬಿತ್ತು. ಬೆಳಗಿನಿಂದ ಚಿಕ್ಕಬೋರಮ್ಮ ಮಣೆಯ ಮೇಲೆ ಕೂತೇ ಮಸಾಲೆ ರುಬ್ಬಿಸಿದಳು, ಸಾರಿನ ಹದ ಮೂಗಿನಲ್ಲೇ ನೋಡಿ "ಉಪ್ಪು ಸಾಲ್ದು" ಅಂದಳು. ನಾಲಿಗೆಗೆ ಹಾಕಿಕೊಳ್ಳದೆ ಮೂಗಿನಲ್ಲಿ ಉಪ್ಪು ನೋಡುವವಳು! ಇಷ್ಟು ವರ್ಷ ಅದನ್ನು ಅತ್ತೆಯ ಕೈಗುಣವೆಂದು ಹೊಗಳಿದ್ದ ನಯನ ಅವತ್ತು ಸುಮ್ಮನೆ ನೋಡಿದಳು. ಎಡೆ ಇಟ್ಟು, ಬಾಗಿಲು ಮುಚ್ಚಿ, ಹಿರಿಯರು ಉಂಡರೆಂದು ಬಾಗಿಲು ತೆರೆದ ಮೇಲೆ ನೆಂಟರ ಎರಡು ಪಂಕ್ತಿ ಉಂಡೆದ್ದವು.

"ನೀನು ಕುಂತ್ಕೊ ಓಗಮ್ಮಿ. ನಾನು ಆಮೇಕೆ ಉಣ್ತೀನಿ."

ನಯನ ಹೂಂ ಅಂದು ಎಲೆಯ ಮುಂದೆ ಕೂತ ಹಾಗೆ ಮಾಡಿ, ಎದ್ದು, ಹಿತ್ತಿಲು ಸುತ್ತಿ ಅಡುಗೆಮನೆಯ ಹಿಂಬಾಗಿಲಿಗೆ ಬಂದಳು. ಊರಿನವರ ಮನೆಗೆ ಹಿತ್ತಿಲಿಂದ ನುಗ್ಗುವವಳಿಗೆ ಸ್ವಂತ ಮನೆಯ ಹಿತ್ತಿಲು ಕಷ್ಟವೇ?

ಚಿಕ್ಕಬೋರಮ್ಮ ಗೋಡೆ ಹಿಡಿದು ಹೋಗಿ, ರಾಗಿ ಡ್ರಮ್ಮಿನ ಹಿಂದಿನಿಂದ ಒಂದು ಸಣ್ಣ ಪಾತ್ರೆ ತೆಗೆದಳು. ಹಿಂದಿನ ದಿನದ ಸೊಪ್ಪಿನ ಸಾರು. ಅರ್ಧ ಮುದ್ದೆಗೆ ಅದನ್ನು ಬಿಟ್ಟುಕೊಂಡಳು. ತನ್ನ ಪಾಲಿನ ಬಾಡಿನ ಬಟ್ಟಲನ್ನು ಮೊಮ್ಮಗಳು ಅಮೃತಳ ಡಬ್ಬಿಗೆ ಸುರಿದು, ಖಾಲಿ ಬಟ್ಟಲನ್ನು ತೊಳೆದು ಕವುಚಿಟ್ಟಳು.

"ಎಷ್ಟು ದಿನದಿಂದ ಅತ್ತೆ?"

ಚಿಕ್ಕಬೋರಮ್ಮ ಬೆಚ್ಚಿಬಿದ್ದಳು. ತಿರುಗಲು ಹೋಗಿ ವಾಲಿದವಳನ್ನು ನಯನ ಹಿಡಿದು ಕೂರಿಸಿ, ತಾನೂ ನೆಲದ ಮೇಲೆ ಕೂತಳು.

"ಎಷ್ಟು ದಿನದಿಂದ ಅಂದೆ. ಲಿವರು, ಸೂಪು, ಮೊಟ್ಟೆ, ಎಲ್ಲಾ ಯಾರು ತಿಂದ್ರು?"

"ಅಮೃತ ತಿಂತು. ಮಿಕ್ಕಿದ್ದು ನಾಯಿ ತಿಂತು."

"ಯಾಕೆ?"

"ಯೋಳಂಗಿಲ್ಲ."

"ಅತ್ತೆ, ನಾನು ಇಲ್ಲಿಂದ ಏಳಲ್ಲ. ನೆಂಟ್ರು ಬರ್ಲಿ, ನಿನ್ ಮಗ ಬರ್ಲಿ. ಏಳಲ್ಲ ಅಂದ್ರೆ ಏಳಲ್ಲ."

ಆ ಹಠ ಎಲ್ಲಿಂದ ಬಂದದ್ದು ಅಂತ ಚಿಕ್ಕಬೋರಮ್ಮನಿಗೆ ಚೆನ್ನಾಗಿ ಗೊತ್ತಿತ್ತು, ತವರಿನದ್ದು, ತನ್ನದೇ. ತಟ್ಟೆ ಕೆಳಗಿಟ್ಟು ಬಾಯಿಬಿಟ್ಟಳು.

"ಅಮೃತ ಉಟ್ಟಿದ್ ದಿಸ ಗ್ಯಾನ ಅದಾ? ನಿಂಗೆಲ್ಲಿ ಗ್ಯಾನ ಇರ್ತದೆ, ಮೈಮೇಲೆ ಪ್ರಜ್ಞೆನೇ ಇರ್ನಿಲ್ಲ. ಕೂಸು ಬಂತು, ರಕ್ತ ನಿಲ್ನಿಲ್ಲ. ಮಳವಳ್ಳಿಯಿಂದ ಮಂಡ್ಯಕ್ಕೆ ಓಗೋಗಂಟ ಆಂಬುಲೆನ್ಸಲ್ಲಿ ನಿನ್ ಪಾದ ಇಡ್ಕಂಡು ಕುಂತಿದ್ದೆ, ಐಸಾಗೋಗಿತ್ತು. ಏಳು ಬಾಟ್ಲಿ ರಕ್ತ ಆಕುದ್ರು. ನನ್ ತಮ್ಮನ್ಗೆ ಏನ್ ಮಕ ತೋರ್ಸ್ಲಿ ನಾನು? ದೇವ್ರೇ ಮಾದಪ್ಪ, ಇವ್ಳು ಕಣ್ ಬುಟ್ರೆ ನಾನು ಬದ್ಕಿರೋಗಂಟ ಬಾಡು ಮೊಟ್ಟೆ ಮುಟ್ಟಕಿಲ್ಲ ಅಂದೆ. ಬೆಳಕರಿಯೋ ಒತ್ಗೆ ನೀನು ಕಣ್ ಬುಟ್ಟೆ."

ನಯನ ಅತ್ತೆಯ ಪಾದದ ಮೇಲೆ ಕೈಯಿಟ್ಟಳು.

"ಒಂಬತ್ತು ವರ್ಸ ಒಬ್ರಿಗೂ ಯೋಳ್ನಿಲ್ಲ. ಬಾಯ್ಬುಟ್ರೆ ಅರಕೆ ಪೊಳ್ಳಾಯ್ತದೆ ಅಂತಾರೆ. ಇವತ್ ನೀನು ಬಾಯ್ಬುಡಿಸ್ಬುಟ್ಟೆ, ಮುಂಡೇದೇ." ಚಿಕ್ಕಬೋರಮ್ಮ ಸೊಸೆಯ ಕೈ ತಳ್ಳಿದಳು. "ಆ ಡಾಕ್ಟ್ರವ್ವ ಅಂದ್ಲಲ್ಲ, ಬಾಡಲ್ಲಿರೋದೇ ಸೂಜೀಲೂ ಇರೋದು ಅಂತ. ಅದ ಚುಚ್ಚಸ್ಕಂಡು ನಾಳೆ ನಿಂಗೇನಾರಾ ಆದ್ರೆ? ನನ್ ಕಾಲು ಓದ್ರೆ ಓಗ್ಲಿ ಬುಡು."

ಕಾಲು ಹೋದರೆ ಹೋಗಲಿ. ಅದನ್ನು ಆಕೆ ಎಷ್ಟು ಸಲೀಸಾಗಿ ಅಂದಳೆಂದರೆ ನಯನಳಿಗೆ ಅಳು ಬರುವುದರ ಬದಲು ಸಿಟ್ಟು ಬಂತು. ಫೋನು ತೆಗೆದು ಡಾಕ್ಟರ್ ಮೋಹಿನಿಗೇ ಹಚ್ಚಿ, ಅತ್ತೆಗೂ ಕೇಳುವ ಹಾಗೆ ಜೋರು ಮಾಡಿ ಇಟ್ಟಳು.

"ಮೇಡಂ, ಅತ್ತೆ ಒಂಬತ್ತು ವರ್ಷದಿಂದ ಬಾಡು ಮೊಟ್ಟೆ ಮುಟ್ಟಿಲ್ಲ. ನಾನು ನಿಮಗೆ ಸುಳ್ಳು ಹೇಳಿಬಿಟ್ಟೆ, ಗೊತ್ತಿಲ್ದೆ. ಆ ಇಂಜೆಕ್ಷನ್ನಲ್ಲಿ ಬಾಡು ಇದೆಯಾ?"

"ಬಾಡಿಲ್ಲಮ್ಮ. ಹಾಲಿಗೆ ಹೆಪ್ಪು ಹಾಕಿದ್ರೆ ಕಣ್ಣಿಗೆ ಕಾಣದ ಜೀವಿಗಳು ಮೊಸರು ಮಾಡ್ತವಲ್ಲ, ಅಂಥವನ್ನೇ ಬೆಳೆಸಿ ಇದನ್ನ ತಯಾರು ಮಾಡ್ತಾರೆ. ಹಾಲು, ಮೊಸರು?"

"ಹಾಲು ಮಕ್ಳಿಗೆ, ಮಜ್ಜಿಗೆ ಗಂಡುಸ್ರಿಗೆ, ಮಿಕ್ಕಿದ್ದು ಡೈರಿಗೆ," ಎಂದಳು ಚಿಕ್ಕಬೋರಮ್ಮ, ಫೋನಿಗೆ ಕೇಳುವಂತೆ.

"ನಿಮ್ಮ ಪಾಲಿಗೇನಮ್ಮ?" ಎಂದರು ಡಾಕ್ಟರು.

ಫೋನು ಇಟ್ಟ ಮೇಲೂ ಚಿಕ್ಕಬೋರಮ್ಮ ತಲೆ ಅಲ್ಲಾಡಿಸಿದಳು. "ಸಮಾದಾನಕ್ಕೆ ಅಂಗಂತಾರೆ. ದೇವ್ರತಾವ ಆಟ ಆಡಕಾಯ್ತದಾ?"

"ಅತ್ತೆ, ನನ್ನ ಕಡೆ ನೋಡು. ಅವತ್ತು ನಂಗೆ ಏಳು ಬಾಟ್ಲಿ ರಕ್ತ ಹಾಕುದ್ರಲ್ಲ, ಅದನ್ನ ಕೊಟ್ಟೋರು ಯಾರು? ಬಾಡು ತಿಂದಿದ್ರಾ, ಸೊಪ್ಪು ತಿಂದಿದ್ರಾ? ಯಾವ ಜಾತಿ, ಯಾವ ಊರು? ಮಾದಪ್ಪ ಕೇಳುದ್ನಾ?"

"ಅವನ್ಯಾಕೆ ಕೇಳ್ತಾನೆ?"

"ಕೇಳಲಿಲ್ಲ ತಾನೆ? ಆ ಜೀವ ನನ್ನ ಮೈಯೊಳಕ್ಕೆ ಬಂದದ್ದೂ ಸೂಜಿಯಿಂದಲೇ. ನನಗೆ ಬಂದ ಸೂಜಿಯನ್ನ ಒಪ್ಕೊಂಡ ದೇವ್ರು ನಿನಗೆ ಬರೋ ಸೂಜೀನ ಬ್ಯಾಡ ಅಂತಾನಾ? ಹಂಗಂದ್ರೆ ಅವನು ಮಾದಪ್ಪನೇ ಅಲ್ಲ ಬುಡು."

"ಥೂ, ಬುಡ್ತು ಅನ್ನು!" ಚಿಕ್ಕಬೋರಮ್ಮ ಕೆನ್ನೆ ಬಡಿದುಕೊಂಡಳು.

"ಅನ್ನಲ್ಲ." ನಯನ ಈಗ ಅಳುತ್ತಿದ್ದಳು, ಅಳುತ್ತಲೇ ಜಗಳವಾಡುತ್ತಿದ್ದಳು. "ನಿನ್ ಕಾಲು ಇಷ್ಟು ಕೆಡೋಕೆ ನಾನು ಕೊಟ್ಟ ಮಾತ್ರೇನೂ ಸೇರ್ಕೊಂಡಿದೆ. ರಕ್ತ ಏರ್ತು ಅಂತ ಊರೆಲ್ಲ ಮೆರೆದೆ. ಊರ್ನೋರ ಹೊಟ್ಟೆಗೆ ಏನು ಹೋಯ್ತು ಅಂತ ಬರ್ಕೊಂಡು ತಿರುಗ್ದೆ, ನಿನ್ ತಟ್ಟೇಲಿ ಏನದೆ ಅಂತ ಒಂದಿನ ಬಗ್ಗಿ ನೋಡ್ಲಿಲ್ಲ. ಈಗ ನೀನು ನನ್ನ ಹೆಸರಲ್ಲಿ ಹಾಸಿಗೆ ಹಿಡುದ್ರೆ, ನೀನು ಉಳಿಸ್ಕೊಂಡ ಈ ಜೀವ ಇಟ್ಕೊಂಡು ನಾನೇನು ಮಾಡ್ಲಿ? ಹರಕೆ ಮುರೀಬೇಡ. ಸಾಯೋವರ್ಗೂ ಬಾಡು ಮುಟ್ಬೇಡ, ನಾನೂ ಕೇಳಲ್ಲ. ಕಾಲು ಮಾತ್ರ ನಂಗೆ ಬೇಕು."

ಚಿಕ್ಕಬೋರಮ್ಮ ಸೆರಗಿನಿಂದ ಸೊಸೆಯ ಮೂಗು ಒರೆಸಿದಳು, ಒಂದು ಕಾಲದಲ್ಲಿ ತಮ್ಮನ ಮನೆಯಲ್ಲಿ ಒರೆಸುತ್ತಿದ್ದ ಹಾಗೆಯೇ. ಆಮೇಲೆ ನಿಟ್ಟುಸಿರು ಬಿಟ್ಟು, "ಆ ಮಂಜುಶ್ರೀ ಕೈ ಬಿರುಸು ಕಣಮ್ಮಿ," ಎಂದಳು. "ಮೆತ್ತಗೆ ಚುಚ್ಚು ಅನ್ನು."

ಉಪಕೇಂದ್ರದಲ್ಲಿ ಇಂಜೆಕ್ಷನ್ ಶುರುವಾಯಿತು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು. ಡೈರಿಯ ಕ್ಯಾನಿಗೆ ಹಾಲು ಬೀಳುವ ಮೊದಲು ಒಂದು ಲೋಟ ಚಿಕ್ಕಬೋರಮ್ಮನಿಗೆ; ನಯನ ಎದುರಿಗೆ ನಿಂತು ಕುಡಿಸುವಳು. "ಕರೂಗೇ ಇಲ್ಲ, ಮುದ್ಕಿಗೆ ಹಾಲು," ಎಂದು ಆಕೆ ದಿನಾ ಗೊಣಗುತ್ತ ಕುಡಿಯುವಳು. ನಯನ ಊರಿನಲ್ಲೂ ಕೇಳುವ ಪ್ರಶ್ನೆ ಬದಲಿಸಿದಳು. ಏನು ತಿಂದಿರಿ ಅನ್ನುವುದನ್ನು ಬಿಟ್ಟು, "ನಿಮ್ಮನೇಲಿ ಕೊನೆಗೆ ಉಣ್ಣೋರು ಯಾರು? ಅವರ ತಟ್ಟೆ ತೋರ್ಸಿ," ಅನ್ನತೊಡಗಿದಳು. ಕೆಲವರು ಬೈದರು. ಒಬ್ಬಾಕೆ ತಟ್ಟೆ ತೋರಿಸಿ ಅತ್ತುಬಿಟ್ಟಳು. ಆ ತಿಂಗಳ ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ನಯನ ಎದ್ದು ನಿಂತು ಮಾತ್ರೆಯ ಕಥೆಯನ್ನು ಒಂದಕ್ಷರ ಬಚ್ಚಿಡದೆ ಹೇಳಿದಳು. ಕಾಲು ಜುಮುಗುಟ್ಟುತ್ತದೆ ಅಂದವರನ್ನು ಬರೀ ಮಾತ್ರೆ ಕೊಟ್ಟು ಕಳಿಸಬೇಡಿ, ಡಾಕ್ಟರ ಹತ್ತಿರ ಕರೆದೊಯ್ಯಿರಿ ಅಂದಳು. ಕಿವಿ ಬಿಸಿಯಾದರೂ ನಿಂತೇ ಹೇಳಿದಳು.

ರಕ್ತ ಬೇಗ ಏರಿತು. ಮುಖಕ್ಕೆ ಬಣ್ಣ ಬಂತು, ನಾಲಿಗೆಯ ಉರಿ ಹೋಯಿತು, ಬೈಗುಳಕ್ಕೆ ಮೊದಲಿನ ಖಾರ ಬಂತು. ಪಾದ ಮಾತ್ರ ಪಾದವಾಗಲಿಲ್ಲ. ವಾರವಾಯಿತು, ತಿಂಗಳಾಯಿತು. "ಹತ್ತಿ ಮೇಲೆ ನಡ್ದಂಗೇ ಅದೆ," ಅನ್ನುತ್ತಿದ್ದಳು ಚಿಕ್ಕಬೋರಮ್ಮ. ಡಾಕ್ಟರು "ಕಾಯಬೇಕು ನಯನ, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತೆ, ಕೆಲವರಿಗೆ ಪೂರ್ತಿ ಬರೋದೂ ಇಲ್ಲ," ಅಂದರು. ನಯನ ದಿನಾ ಬೆಳಿಗ್ಗೆ ಅತ್ತೆಯ ಅಂಗಾಲಿಗೆ ಕಡ್ಡಿ ಆಡಿಸಿ "ಗೊತ್ತಾಯ್ತದಾ?" ಅನ್ನುವಳು. ಆಕೆ ಸೊಸೆಯ ಮುಖ ನೋಡಿ "ಊಂ, ಚೂರು" ಅನ್ನುವಳು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಒಂದು ಸೂಜಿಯನ್ನೂ ನಯನ ತಪ್ಪಿಸಲಿಲ್ಲ.

ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ನಯನ ಗುಲಾಬಿ ಸೀರೆಯುಟ್ಟು ಚೀಲ ಹೆಗಲಿಗೇರಿಸಿದ್ದಳಷ್ಟೆ, ಕೊಟ್ಟಿಗೆಯ ಕಡೆಯಿಂದ ಕಿರುಚಾಟ ಕೇಳಿತು.

"ಯಾವೋನ್ಲಾ ಇಲ್ಲಿ ಜಾಲಿ ಕೊಂಬೆ ಎಸ್ದೋನು? ನಿನ್ ಕೈ ಸೇದೋಗ! ಕಣ್ ಕಾಣಕಿಲ್ವಾ ನಿಂಗೆ!"

ನಯನ ಚೀಲ ಬಿಸುಟು ಓಡಿದಳು. ಚಿಕ್ಕಬೋರಮ್ಮ ಕುರಿಗಳ ನಡುವೆ ಕಂಬಕ್ಕೊರಗಿ ಒಂದೇ ಕಾಲಿನ ಮೇಲೆ ನಿಂತು, ಇನ್ನೊಂದು ಕಾಲನ್ನು ಕೈಯಲ್ಲಿ ಹಿಡಿದುಕೊಂಡು, ಸ್ವಾಮಿಯನ್ನು ಅವನಪ್ಪ ಅಜ್ಜಂದಿರ ಸಮೇತ ಬೈಯುತ್ತಿದ್ದಳು. ಅಂಗಾಲಿನಲ್ಲಿ ಬೆರಳುದ್ದದ ಜಾಲಿ ಮುಳ್ಳು.

ನಯನ ಮಣ್ಣಿನಲ್ಲಿ ಕೂತು ಆ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮುಳ್ಳು ಕೀಳುವುದಕ್ಕೆ ಕೈ ಬರಲಿಲ್ಲ.

"ನೋಯ್ತದಾ ಅತ್ತೆ?"

"ನೋಯ್ದೆ ಮತ್ತೆ? ಪ್ರಾಣ ಓಯ್ತಾ ಅದೆ! ಕೀಳು ಬೇಗ, ಅದೇನ್ ಅಂಗ್ ನೋಡ್ತಾ ಕುಂತಿದ್ದೀಯೆ..."

ಚಿಕ್ಕಬೋರಮ್ಮನ ಮಾತು ಅಲ್ಲಿಗೇ ನಿಂತಿತು. ಪಾದದ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. ಕುರಿಯ ಬೆನ್ನಿನ ಮೇಲೆ ಕೈಯೂರಿ ಮೆಲ್ಲಗೆ ಅವಳ ಪಕ್ಕದಲ್ಲೇ ಕೂತಳು.

"ನೋಯ್ತದೆ ಕಣಮ್ಮಿ," ಎಂದಳು. "ಉರಿ ಉರಿ ನೋಯ್ತದೆ."